ರೇಡಿಯೋಗೆ ಕಾಟಮ್ಮಜ್ಜಿ ಹಾಕಿದ ಕಚ್ಚು

"ಅಯ್ಯಯ್ಯೋ! ಅಜ್ಜಿ, ಏನ್ ಮಾಡ್ಬಿಟ್ಟೆ ಇದು?"

ರೋಜಾಳ ಹೆಗಲಿನಿಂದ ಸ್ಕೂಲ್ ಬ್ಯಾಗ್ ಧೊಪ್ಪೆಂದು ಜಾರಿತು. ತೆರೆದ ಬಾಯಿ ತೆರೆದೇ ಇತ್ತು.

ಜಗಲಿಯ ಮೇಲೆ ಹೊಸ ರೇಡಿಯೋ. ಕನ್ನಡಿಯಂತೆ ಹೊಳೆಯುವ ಕಪ್ಪು ಡಬ್ಬಿ. ಅದರ ನುಣುಪು ಗುಂಡಿಗಳ ಪಕ್ಕದಲ್ಲಿ ಈಗ ಗಾಯಗಳಿದ್ದವು! ಒಂದರ ಪಕ್ಕ ಒಂದು ಗೀರು, ಇನ್ನೊಂದರ ಪಕ್ಕ ಎರಡು, ಮತ್ತೊಂದರ ಪಕ್ಕ ಮೂರು. ಆನ್ ಗುಂಡಿ ಮಾತ್ರ ಹಾಗೇ ಇತ್ತು. ಹತ್ತಿರದಲ್ಲೇ ಕುರಿಮರಿಗಳ ಕಿವಿಗೆ ಗುರುತು ಹಾಕುವ ಪುಟ್ಟ ಚಾಕು ಬಿದ್ದಿತ್ತು.

"ಕಚ್ಚು ಹಾಕ್ದೆ ಕಣವ್ವ," ಎಂದಳು ಕಾಟಮ್ಮಜ್ಜಿ, ಉಣ್ಣೆ ನೂಲುವುದನ್ನು ಬಿಡದೆ. "ಮರಿ ಕಿವಿಗೆ ಹಾಕಲ್ವಾ, ಹಂಗೆ."

"ಅದೇನ್ ಕುರೀನಾ ಅಜ್ಜಿ? ಇಂಟರ್ನೆಟ್ ರೇಡಿಯೋ! ಇವತ್ತು ಚಿಕ್ಕಪ್ಪ ಬರ್ತಾನೆ!"

ಹೊಸದುರ್ಗದ ದಯಾನಂದ ಚಿಕ್ಕಪ್ಪ ಹತ್ತು ದಿನದ ಹಿಂದೆ ಅದನ್ನು ಇವರ ಊರು ಮತ್ತೋಡಿಗೆ ತಂದಿದ್ದ. ಅಜ್ಜಿಯ ಕಣ್ಣಿಗೆ ಪೊರೆ. ಹಗಲೆಲ್ಲ ಅವಳ ಜೊತೆಗಿದ್ದ ಹಳೇ ರೇಡಿಯೋ ಕೆಟ್ಟು ಮೂಲೆ ಸೇರಿತ್ತು.

"ರೋಜಾ, ಅಜ್ಜಿಗೆ ಕಲಿಸೋದು ನಿನ್ನ ಡ್ಯೂಟಿ," ಎಂದಿದ್ದ ಚಿಕ್ಕಪ್ಪ. "ಅವ್ವಂಗೆ ಬರದಿದ್ರೆ ಇಲ್ಲಿ ಯಾಕೆ ಇದು? ನನ್ನ ಅಂಗಡೀಲಿ ಇಟ್ಕಂತೀನಿ."

ರೋಜಾ ಎರಡೇ ನಿಮಿಷದಲ್ಲಿ ಕಲಿಸಿ ಮುಗಿಸಿದ್ದಳು. "ಇದು ಆನ್, ಇದು ಸೌಂಡ್ ಜಾಸ್ತಿ, ಇದು ಕಮ್ಮಿ, ಇದು ಸ್ಟೇಷನ್. ಫುಲ್ ಈಜಿ ಅಜ್ಜಿ!"

ಈಗ ಅವಳಿಗೆ ಅಳುವೇ ಬಂತು. "ದಿನಾ ಕೇಳ್ತಾನೇ ಇದ್ದೆಯಲ್ಲ! ಸುಮ್ನೆ ಯಾಕೆ ಕೆರೆದೆ?"

"ಎಲ್ಲಿ ಕೇಳ್ದೆ? ನಿಮ್ಮವ್ವ ಹಚ್ಚಿಟ್ಟು ಹೊಲಕ್ಕೆ ಹೋಗಾಳು. ಸೌಂಡ್ ಕಮ್ಮಿ ಮಾಡಾಣ ಅಂತ ಮುಟ್ಟಿದ್ರೆ ಎಲ್ಲಾ ಒಂದೇ ನುಣುಪು. ಏನೋ ಒತ್ತಿಬಿಡ್ತಿದ್ದೆ. ಆಮ್ಯಾಕೆ ನೀನು ಬರಾಗಂಟ ಯಾವನೋ ಟಸ್ಸು ಪುಸ್ಸು ಅಂತ ಬೈತಾ ಕುಂತಿರಾನು. ಅವನ ಬಾಯಿ ಮುಚ್ಸಾಕೂ ನಂಗೆ ಬರ್ತಿರ್ಲಿಲ್ಲ."

ರೋಜಾ ಅಜ್ಜಿಯ ಮುಂದೆ ಕುಕ್ಕರಿಸಿದಳು. 'ನಮ್ಮಜ್ಜಿ ಇಂಗ್ಲಿಷ್ ನ್ಯೂಸ್ ಕೇಳ್ತಾಳೆ, ಗೊತ್ತಾ?' ಎಂದು ಕ್ಲಾಸಿನಲ್ಲೆಲ್ಲ ಹೇಳಿ ನಕ್ಕಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ?"

"ಈಜಿ ಅಂದ್ಯಲ್ಲ. ಕೇಳಾಕೆ ನಾಚ್ಕೆ ಆತು," ಅಜ್ಜಿ ತಲೆ ತಗ್ಗಿಸಿದಳು. "ಇವತ್ತು ನಿಮ್ಮವ್ವನ್ನ ಪಕ್ಕ ಕೂರಿಸ್ಕಂಡು, ಯಾವ್ದು ಯಾವ್ದು ಅಂತ ಕೇಳಿ ಕಚ್ಚು ಹಾಕ್ದೆ."

ಅಷ್ಟರಲ್ಲಿ ಬಾಗಿಲಲ್ಲಿ ಬೈಕ್ ನಿಂತಿತು. ಒಳಗೆ ಬಂದ ಚಿಕ್ಕಪ್ಪ ರೇಡಿಯೋ ನೋಡಿ ಹಾವು ಕಂಡವನಂತೆ ಹಿಂದೆ ಸರಿದ.

"ಏನವ್ವ ಇದು! ಹೊಸ ಸೆಟ್ಟು! ಸಾಕು, ತಗಂಡ್ ಹೋಗ್ತೀನಿ ನಾನು."

ರೇಡಿಯೋದ ವೈರ್ ಕೀಳಲು ಚಾಚಿದ ಅವನ ಕೈಯನ್ನು ರೋಜಾ ಹಿಡಿದುಕೊಂಡಳು. "ತಡಿ ಚಿಕ್ಕಪ್ಪ, ಕುಂತ್ಕ ಮೊದ್ಲು." ಅವನ ಹೆಗಲ ಟವೆಲ್ಲನ್ನೇ ಎಳೆದು ಅವನ ಕಣ್ಣಿಗೆ ಕಟ್ಟಿದಳು. ರೇಡಿಯೋ ಆನ್ ಮಾಡಿದಳು. "ಈಗ ಸೌಂಡ್ ಕಮ್ಮಿ ಮಾಡು."

"ಲೇ, ಇದೊಂದು ದೊಡ್ಡ ಕೆಲ್ಸಾನಾ?"

ಚಿಕ್ಕಪ್ಪ ತಡಕಾಡಿ ಒತ್ತಿದ. ರೇಡಿಯೋ ಗಟ್ಟಿಯಾಗಿ ಕೂಗಿತು. ಇನ್ನೊಂದು ಒತ್ತಿದ. ಯಾವುದೋ ದೇಶದವನು ಟಸ್ಸು ಪುಸ್ಸು ಶುರು ಮಾಡಿದ.

"ಬಂದ ನೋಡು ನಮ್ಮ ನೆಂಟ!" ಅಜ್ಜಿ ಕಿಸಕ್ಕನೆ ನಕ್ಕಳು.

ನಗುತ್ತಲೇ ಹೆಬ್ಬೆರಳನ್ನು ಡಬ್ಬಿಯ ಮೇಲೆ ಸರಿಸಿದಳು, ಮಂದೆಯಲ್ಲಿ ತನ್ನ ಮರಿಯ ಕಿವಿ ಹುಡುಕುವ ಹಾಗೆ. ಮೂರು ಕಚ್ಚು ಸಿಕ್ಕವು. ಒತ್ತಿದಳು, ಮತ್ತೆ ಒತ್ತಿದಳು. ಚಿತ್ರದುರ್ಗದ ಸ್ಟೇಷನ್ ಬಂತು. ಎರಡು ಕಚ್ಚು ಹುಡುಕಿದಳು. ಸದ್ದು ಮೆತ್ತಗಾಯಿತು.

ಚಿಕ್ಕಪ್ಪ ಟವೆಲ್ ಬಿಚ್ಚಲಿಲ್ಲ. ಅವನ ಹೆಬ್ಬೆರಳೂ ಮೆಲ್ಲಗೆ ಕಚ್ಚು ಎಣಿಸತೊಡಗಿತು.

"ಇಲ್ಲೇ ಇರ್ಲಿ ಬಿಡವ್ವ," ಎಂದ.

ಅವನು ಕೈಕಾಲು ತೊಳೆಯಲು ಎದ್ದು ಹೋದ ಮೇಲೆ ರೋಜಾ ಅಜ್ಜಿಯ ಪಕ್ಕಕ್ಕೆ ಸರಿದು ಕೂತಳು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಅಜ್ಜಿ, ನಂಗೂ ಕಲಿಸು. ನಿಧಾನಕ್ಕೆ."