ಅಪ್ಪ ಅಳೆದ ಸ್ಕ್ರೀನ್

“ಹದಿಮೂರೂವರೆ!” ಎಂದು ಅಪ್ಪ ಜೋರಾಗಿ ಹೇಳಿದ.

ಯಾವಾಗಲೂ ಅವನ ಕೊರಳಲ್ಲಿ ನೇತಾಡುವ ಅಳತೆ ಟೇಪು ಈಗ ಲ್ಯಾಪ್‌ಟಾಪಿನ ಮೇಲಿತ್ತು. ಒಂದು ತುದಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಇನ್ನೊಂದು ತುದಿಯನ್ನು ಎಳೆದು, ಒಡೆದ ಸ್ಕ್ರೀನಿನ ಅಗಲ ನೋಡುತ್ತಿದ್ದ. ಗಿರಾಕಿಯ ಭುಜದ ಅಳತೆ ತೆಗೆಯುವುದೂ ಥೇಟ್ ಹೀಗೆಯೇ.

“ಅಪ್ಪಾ, ಅದು ಅಂಗಿ ಅಲ್ಲ!” ಎಂದಳು ಢಮಾರ್.

ಢಮಾರ್ ಅವಳ ನಿಜವಾದ ಹೆಸರಲ್ಲ. ಹೆತ್ತವರು ಯಾರಾದರೂ ಅಂಥ ಹೆಸರು ಇಡುತ್ತಾರೆಯೇ? ಅದು ಐದನೇ ಕ್ಲಾಸಿನವರೆಲ್ಲ ಸೇರಿ ಇಟ್ಟದ್ದು. ಸ್ಕೂಲಿನ ಗ್ಲೋಬು ಅವಳ ಕೈಯಿಂದ ಬಿದ್ದು ಎರಡು ಹೋಳಾಗಿತ್ತು. ಕುಡಿಯುವ ನೀರಿನ ನಲ್ಲಿ ಅವಳು ತಿರುಗಿಸಿದಾಗಲೇ ಕಿತ್ತು ಕೈಗೆ ಬಂದಿತ್ತು. ಬೋರ್ಡಿನ ಸ್ಟ್ಯಾಂಡಿನ ಕತೆಯಂತೂ ಕೇಳಲೇಬೇಡಿ.

ಅದಕ್ಕೇ ಅವಳಿಗೆ ಈಗ ಅಳುವಷ್ಟು ಸಿಟ್ಟು ಬಂದಿತ್ತು. ಯಾಕೆಂದರೆ ಈ ಲ್ಯಾಪ್‌ಟಾಪು ಸ್ಕೂಲಿನದು. ಕ್ಲಾಸಿನ ಪತ್ರಿಕೆಗೆ ಒಂದು ಪುಟ ಟೈಪ್ ಮಾಡಲು ಒಬ್ಬೊಬ್ಬರಿಗೂ ಒಂದೊಂದು ವಾರ ಮನೆಗೆ ಕೊಡುತ್ತಿದ್ದರು. ಢಮಾರ್‌ಗೆ ಕೊಟ್ಟದ್ದು ಎಲ್ಲರಿಗಿಂತ ಕೊನೆಗೆ. ಕೊಡುವಾಗ ಮಿಸ್, “ನೋಡಮ್ಮಾ, ಹೋದ ಹಾಗೇ ಸೋಮವಾರ ವಾಪಸ್ ಬರ್ಬೇಕು. ನಿನ್ನನ್ನ ನಂಬಿ ಕೊಡ್ತಾ ಇದ್ದೀನಿ,” ಎಂದಿದ್ದರು. ಕೊಟ್ಟ ಮೇಲೂ ಅವರ ಕೈ ಅದನ್ನು ಬೇಗ ಬಿಡಲಿಲ್ಲ.

ಢಮಾರ್ ಅದನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದಳು. ಮುಟ್ಟುವ ಮುಂಚೆ ಪ್ರತಿ ಸಲ ಕೈ ತೊಳೆದಳು. ಪಕ್ಕದಲ್ಲಿ ನೀರಿನ ಲೋಟವನ್ನೂ ಇಟ್ಟುಕೊಳ್ಳಲಿಲ್ಲ. ಜನ್ಮದಲ್ಲೇ ಮೊದಲ ಬಾರಿಗೆ ಅವಳ ಕೈಯಲ್ಲಿ ಒಂದು ವಸ್ತು ವಾರಪೂರ್ತಿ ಸರಿಯಾಗಿ ಉಳಿದಿತ್ತು.

ಶುಕ್ರವಾರ ಸಂಜೆ ಅಪ್ಪನಿಗೆ ಬಟ್ಟೆ ಕತ್ತರಿಸಲು ಮೇಜು ಬೇಕಾಯಿತು. ಅವಳು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ ಅವನು ಲ್ಯಾಪ್‌ಟಾಪನ್ನು ಟಪ್ಪಂತ ಮುಚ್ಚಿದ. ಕೀಬೋರ್ಡಿನ ಮೇಲೆ ಅವನದೇ ಹೊಲಿಗೆ ಮಷೀನಿನ ಬಾಬಿನ್ ಇತ್ತು. ದಾರ ಸುತ್ತಿದ, ಕಬ್ಬಿಣದ, ಗಟ್ಟಿ ಬಾಬಿನ್. ತೆರೆದು ನೋಡಿದರೆ ಸ್ಕ್ರೀನಿನ ತುಂಬ ಗೆರೆಗಳು, ನಡುವೆ ಮಸಿ ಚೆಲ್ಲಿದ ಹಾಗೆ ಕಪ್ಪು.

“ಸ್ಕೂಲಿಗೆ ಫೋನ್ ಮಾಡಿ ಹೇಳಿಬಿಡಿ, ರೀ,” ಎಂದಳು ಅಮ್ಮ, ಗುಂಡಿ ಹೊಲಿಯುತ್ತಾ. “ನನ್ನಿಂದ ಹೀಗಾಯ್ತು, ಸರಿ ಮಾಡಿಸ್ಕೊಡ್ತೀನಿ ಅಂದ್ರೆ ಮುಗೀತು.”

“ಹೊಸ ಸ್ಕ್ರೀನ್ ಹಾಕಿಸಿದ್ರೆ ಆಯ್ತಲ್ಲ ಕಣೇ. ಹೇಳೋದೇನಿದೆ ಅದ್ರಲ್ಲಿ?” ಎಂದ ಅಪ್ಪ. ಟೇಪು ಸುತ್ತಿಕೊಂಡು ಯೋಚಿಸಿದ. “ಹದಿಮೂರೂವರೆ. ಹೊಲಿಗೆಗೆ ಅಂತ ಅರ್ಧ ಇಂಚು ಜಾಸ್ತಿ ಇಡ್ಬೇಕು. ಹದಿನಾಲ್ಕು.”

“ಸ್ಕ್ರೀನಿಗೆ ಹೊಲಿಗೆ ಹಾಕ್ತಾರಾ ಅಪ್ಪಾ?”

“ಫ್ರೇಮಿನೊಳಗೆ ಸೇರ್ಬೇಕಲ್ಲ? ಅದೂ ಒಂಥರಾ ಹೊಲಿಗೆನೇ. ಇಷ್ಟು ವರ್ಷ ಊರಿಗೆಲ್ಲ ಹೊಲಿದಿದ್ದೀನಿ, ನನ್ನ ಅಳತೆ ಯಾವತ್ತಾದ್ರೂ ತಪ್ಪಿದೆಯಾ?”

ಇದಕ್ಕೆ ಏನು ಹೇಳುತ್ತೀರಿ? ಢಮಾರ್ ತಲೆ ಮೇಲೆ ಕೈ ಹೊತ್ತು ಕೂತಳು.

ಮರುದಿನ ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ರಿಪೇರಿ ಅಂಗಡಿಗೆ ಹೋದರು. ಲ್ಯಾಪ್‌ಟಾಪು ಮಾತ್ರ ಮನೆಯಲ್ಲೇ ಉಳಿಯಿತು. ತಗೊಂಡು ಹೋಗೋಣ ಎಂದು ಅವಳು ಬಾಯಿ ಬಡಿದುಕೊಂಡರೂ ಅಪ್ಪ ಕೇಳಲಿಲ್ಲ. ದಾರಿಯಲ್ಲಿ ಕುಲುಕಿದರೆ ಇನ್ನಷ್ಟು ಒಡೆಯುತ್ತದಂತೆ. ಒಡೆಯಲು ಇನ್ನೇನು ಉಳಿದಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ರಿಪೇರಿಯವನು ಅಂಗಡಿಯ ತುಂಬ ಬಿಚ್ಚಿಟ್ಟ ಕಂಪ್ಯೂಟರುಗಳ ನಡುವೆ ಕೂತು, ಕಿವಿಗೆ ಫೋನ್ ಒತ್ತಿಕೊಂಡು ಯಾರೊಂದಿಗೋ ಜಗಳವಾಡುತ್ತಿದ್ದ. ನಡುವೆಯೇ ಹುಬ್ಬು ಹಾರಿಸಿ ಏನು ಬೇಕು ಎಂದು ಕೇಳಿದ.

“ಲ್ಯಾಪ್‌ಟಾಪ್ ಸ್ಕ್ರೀನು,” ಎಂದ ಅಪ್ಪ.

“ಮಾಡೆಲ್?”

“ಮಾಡೆಲ್ಲು ಗೀಡೆಲ್ಲು ಏನೂ ಬೇಡಪ್ಪ, ಸಾದಾ ಇದ್ರೆ ಸಾಕು. ಹದಿನಾಲ್ಕು ಇಂಚು.”

“ಗ್ಯಾರಂಟಿನಾ?”

“ನಾನೇ ಅಳೆದಿದ್ದೀನಿ!”

ರಿಪೇರಿಯವನು ಫೋನಿನಲ್ಲಿ ಬೈಯುತ್ತಲೇ ಕಪಾಟಿನಿಂದ ಒಂದು ಪೆಟ್ಟಿಗೆ ಎಳೆದು ಮುಂದಿಟ್ಟ. “ಮೇಲಿನ ಪ್ಲಾಸ್ಟಿಕ್ ಕೀಳ್ಬೇಡಿ. ಇಟ್ಟು ನೋಡಿ, ಸರಿ ಇದ್ರೆ ಲ್ಯಾಪ್‌ಟಾಪ್ ತನ್ನಿ, ಹಾಕ್ಕೊಡ್ತೀನಿ,” ಎಂದು ಮತ್ತೆ ಜಗಳಕ್ಕೆ ಮರಳಿದ.

ಮನೆಗೆ ಬಂದು ಆ ಸ್ಕ್ರೀನನ್ನು ಒಡೆದ ಸ್ಕ್ರೀನಿನ ಮೇಲಿಟ್ಟು ನೋಡಿದರು. ಎಡಕ್ಕೆ ತಳ್ಳಿದರೆ ಬಲಕ್ಕೆ ಸಾಲದು, ಬಲಕ್ಕೆ ತಳ್ಳಿದರೆ ಎಡಕ್ಕೆ ಸಾಲದು. ದೊಡ್ಡವರ ಮೈಗೆ ಮಗುವಿನ ಅಂಗಿ ತೊಡಿಸಿದ ಹಾಗಿತ್ತು.

ಅಪ್ಪ ಟೇಪು ಇಟ್ಟು ಅಳೆದ. ಮತ್ತೆ ಅಳೆದ. ಟೇಪನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. “ಹನ್ನೆರಡು ಚಿಲ್ಲರೆ ಇದೆ! ಮೋಸ! ಹದಿನಾಲ್ಕು ಅಂತ ಹನ್ನೆರಡು ಕೊಟ್ಟಿದ್ದಾನೆ!”

“ಒಗೆದಾಗ ಕುಗ್ಗಿರ್ಬೇಕು,” ಎಂದಳು ಅಮ್ಮ, ತಲೆ ಎತ್ತದೆ.

ಢಮಾರ್‌ಗೆ ನಗು ಬರಲಿಲ್ಲ. ಶನಿವಾರ ಅರ್ಧ ಮುಗಿದೇಹೋಗಿತ್ತು.

ಈ ಸಲ ಅವಳು ಲ್ಯಾಪ್‌ಟಾಪನ್ನು ಅಪ್ಪಿಕೊಂಡೇ ಸ್ಕೂಟರ್ ಹತ್ತಿದಳು. ದೊಡ್ಡ ರಸ್ತೆಯ ಸಿಗ್ನಲ್ಲಿನ ಹತ್ತಿರ ಬರುತ್ತಲೇ ಅಪ್ಪ ಗಕ್ಕನೆ ಗಾಡಿ ತಿರುಗಿಸಿ ಒಂದು ಗಲ್ಲಿಗೆ ನುಗ್ಗಿದ. ಬೀಳುವುದೊಂದು ಬಾಕಿ.

“ಯಾಕಪ್ಪಾ ಈ ಕಡೆ?”

“ಶಾರ್ಟ್‌ಕಟ್.”

ಗಲ್ಲಿ ಒಂದು ಗೋಡೆಯ ಮುಂದೆ ಮುಗಿಯಿತು. ಗೋಡೆಯ ಮೇಲೆ ಕೂತಿದ್ದ ಬೆಕ್ಕು ಅವರಿಬ್ಬರನ್ನೂ ಕೆಳಗಿಂದ ಮೇಲಕ್ಕೆ ನೋಡಿತು. ಗಾಡಿ ಹಿಂದಕ್ಕೆ ತಳ್ಳುತ್ತಾ ಹೊರಗೆ ಬಂದಾಗ ಸಿಗ್ನಲ್ ದಾಟಿ ಹೋಗುತ್ತಿದ್ದವರು ಢಮಾರ್‌ಗೆ ಕಂಡರು. ಅವಳ ಸ್ಕೂಲಿನ ಪಿ.ಟಿ. ಸರ್. ಅವರು ಪೂರ್ತಿ ಮರೆಯಾಗುವವರೆಗೂ ಅಪ್ಪ ಬಗ್ಗಿ ಟೈರು ಒತ್ತಿ ನೋಡುತ್ತಿದ್ದ. ಟೈರಿಗೆ ಏನೂ ಆಗಿರಲಿಲ್ಲ.

ರಿಪೇರಿಯವನ ಜಗಳ ಮುಗಿದಿತ್ತು. ಲ್ಯಾಪ್‌ಟಾಪು ನೋಡಿದ್ದೇ ಹಣೆ ಚಚ್ಚಿಕೊಂಡ.

“ಅಣ್ಣಾ, ಸ್ಕ್ರೀನನ್ನ ಅಡ್ಡಕ್ಕೆ ಅಳೆಯಲ್ಲ. ಮೂಲೆಯಿಂದ ಮೂಲೆಗೆ ಅಳೀಬೇಕು. ಈ ಮೇಲಿನ ಮೂಲೆಯಿಂದ ಆ ಕೆಳಗಿನ ಮೂಲೆಗೆ. ಇದು ಹದಿನೈದೂವರೆ ಮೇಲಿದೆ!”

“ಮೂಲೆಯಿಂದ ಮೂಲೆಗಾ?” ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. “ಯಾರ್ರೀ ಹಾಗೆ ಅಳೀತಾರೆ? ಅಂಗಿ ಹೊಲಿಯೋಕೆ ನಾನು ಎಡಭುಜದಿಂದ ಬಲಗಾಲಿಗೆ ಟೇಪು ಹಿಡಿದ್ರೆ ಗಿರಾಕಿ ಸುಮ್ನಿರ್ತಾನಾ?”

ರಿಪೇರಿಯವನು ಸ್ಕ್ರೂಡ್ರೈವರ್ ಎತ್ತಿಕೊಂಡ. ಸ್ಕ್ರೀನಿನ ಸುತ್ತಲಿನ ಪಟ್ಟಿ ಬಿಚ್ಚಿ, ಹಿಂದೆ ಅಂಟಿಸಿದ್ದ ಚೀಟಿಯ ನಂಬರ್ ಓದಿದ. ಕಪಾಟಿನಲ್ಲಿ ಅಂಥದ್ದು ಇರಲಿಲ್ಲ. ಅಲ್ಲಿಗೆ ಇಲ್ಲಿಗೆ ಫೋನ್ ಮಾಡಿದ. ಒಂದು ಅಂಗಡಿಯಲ್ಲಿ ಸೈಜು ಸರಿಯಾಗಿತ್ತು, ವೈರು ಸಿಕ್ಕಿಸುವ ಕಡೆ ಪಿನ್ನು ಹೊಂದುತ್ತಿರಲಿಲ್ಲ.

“ಇದಕ್ಕೆ ಮೂವತ್ತು ಪಿನ್ ಬೇಕು. ಅವನ ಹತ್ರ ಇರೋದು ನಲವತ್ತು ಪಿನ್ನಿಂದು.”

“ಹತ್ತು ಜಾಸ್ತಿನೇ ಇದೆಯಲ್ಲ, ಒಳ್ಳೇದೇ ಆಯ್ತು!” ಎಂದ ಅಪ್ಪ.

ಢಮಾರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಮಂಗಳವಾರ ತರಿಸಿಕೊಡ್ತೀನಿ,” ಎಂದ ರಿಪೇರಿಯವನು. “ಅದಕ್ಕಿಂತ ಮುಂಚೆ ಆ ದೇವರು ಬಂದ್ರೂ ಆಗಲ್ಲ.”

ಮಂಗಳವಾರ! ಸೋಮವಾರ ಮಿಸ್ ಕೇಳುತ್ತಾರೆ. ಮನೆಗೆ ಹೋಗುವಾಗ ಲ್ಯಾಪ್‌ಟಾಪನ್ನು ಅಪ್ಪಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಅವಳು ಅಪ್ಪನ ಬೆನ್ನನ್ನೇ ದುರುಗುಟ್ಟಿ ನೋಡಿದಳು. ಇಡೀ ಪ್ರಪಂಚದಲ್ಲಿ ಇಂಥ ಅಪ್ಪ ಇನ್ನೊಬ್ಬನಿರಲಾರ.

ಭಾನುವಾರ ಅವಳು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. “ಮಿಸ್, ನಾನಲ್ಲ. ನಮ್ಮಪ್ಪ.” ಬೆರಳು ತೋರಿಸಿ ಒಮ್ಮೆ. ಕೈ ಕಟ್ಟಿಕೊಂಡು ಒಮ್ಮೆ. ಬೆರಳು ತೋರಿಸಿದ್ದೇ ಚೆನ್ನಾಗಿತ್ತು. ಆದರೆ ಅವಳೊಬ್ಬಳೇ ಹೋಗಿ ಹೇಳಿದರೆ ಯಾರು ನಂಬುತ್ತಾರೆ? ಢಮಾರ್ ಏನಾದರೂ ಮುರಿದು ಬೇರೆಯವರ ಹೆಸರು ಹೇಳಿದರೆ ಇಡೀ ಕ್ಲಾಸು ಬಿದ್ದು ಬಿದ್ದು ನಗುತ್ತದೆ. ಮಿಸ್ ಇನ್ನು ಯಾವತ್ತೂ ಅವಳ ಕೈಗೆ ಏನನ್ನೂ ಕೊಡುವುದಿಲ್ಲ. ಸೀಮೆಸುಣ್ಣವನ್ನೂ ಕೊಡುವುದಿಲ್ಲ.

ಸೋಮವಾರ ಬೆಳಿಗ್ಗೆ ಅಪ್ಪ ಅವಳ ಹಾಸಿಗೆಯ ಪಕ್ಕ ಬಂದು ಕೂತ. ದನಿ ಬೆಣ್ಣೆಯ ಹಾಗಿತ್ತು.

“ಪುಟ್ಟಾ, ಇವತ್ತು, ನಾಳೆ ಎರಡು ದಿನ ಸ್ಕೂಲಿಗೆ ಹೋಗ್ಬೇಡ. ಜ್ವರ ಅಂತ ಹೇಳಿದ್ರಾಯ್ತು. ನಾಳೆ ಸ್ಕ್ರೀನ್ ಬರತ್ತೆ, ನಾಡಿದ್ದು ತಗೊಂಡು ಹೋದ್ರೆ ಯಾರಿಗೂ ಗೊತ್ತಾಗಲ್ಲ.”

ಢಮಾರ್ ಹಾಸಿಗೆಯಿಂದ ಚಿಮ್ಮಿ ಎದ್ದಳು. “ನೀನು ಮುರಿಯೋದು, ಜ್ವರ ನನಗೆ ಬರ್ಬೇಕಾ? ನೀನೇ ಬರಿಸ್ಕೋ ಜ್ವರ!”

“ಸರಿಯಾಗಿ ಹೇಳಿದ್ಲು,” ಎಂದಳು ಅಮ್ಮ ಬಾಗಿಲಲ್ಲಿ ನಿಂತು. ಅವಳ ಕೈಯಲ್ಲಿ ಅಪ್ಪನ ಇಸ್ತ್ರಿ ಮಾಡಿದ ಅಂಗಿ ಇತ್ತು. “ಹಾಕ್ಕೊಳ್ಳಿ, ರೀ. ಇಬ್ಬರೂ ಹೊರಡಿ.”

ಅಮ್ಮ ಹಾಗೆ ಹೇಳಿದ ಮೇಲೆ ಮುಗಿಯಿತು.

ಸ್ಕೂಲಿನ ಗೇಟಿನವರೆಗೆ ಅಪ್ಪ ಮಾತಾಡುತ್ತಲೇ ಇದ್ದ. ಕಾರಿಡಾರಿನಲ್ಲಿ ಅವನ ಮಾತು ಕಡಿಮೆಯಾಯಿತು. ಸ್ಟಾಫ್‌ರೂಮಿನ ಬಾಗಿಲಲ್ಲಿ ಪೂರ್ತಿ ನಿಂತಿತು. ಅವಳನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತ.

ಮಿಸ್ ಲ್ಯಾಪ್‌ಟಾಪನ್ನು ತೆರೆದರು. ಗೆರೆಗಳನ್ನೂ ಕಪ್ಪು ಮಚ್ಚೆಯನ್ನೂ ನೋಡಿದರು. ಆಮೇಲೆ ಅವಳನ್ನು ನೋಡಿದರು.

“ಮತ್ತೆ ನೀನಾ?” ಎಂದು ನಿಟ್ಟುಸಿರುಬಿಟ್ಟರು. “ಅಷ್ಟು ಹೇಳಿ ಕೊಟ್ಟಿದ್ದೆ. ನನ್ನದೇ ತಪ್ಪು, ನಿನ್ನ ಕೈಗೆ ಕೊಡ್ಲೇಬಾರದಿತ್ತು.”

ಅಪ್ಪ ಈಗ ಹೇಳುತ್ತಾನೆ ಎಂದು ಢಮಾರ್ ಕಾದಳು. ಹಿಂದಿನಿಂದ ಮಾತೇ ಬರಲಿಲ್ಲ. ಸರಿ, ನಾನೇ ಹೇಳುತ್ತೇನೆ ಎಂದು ಬೆರಳು ಎತ್ತಿಕೊಂಡೇ ಅವಳು ತಿರುಗಿದಳು.

ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕಿವಿ ಕೆಂಪಾಗಿತ್ತು. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ. ತುಟಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಉಗುಳು ನುಂಗುತ್ತಿದ್ದ.

ಢಮಾರ್‌ಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಗ್ಲೋಬು ಬಿದ್ದ ದಿನ ಅವಳು ಹೀಗೇ ನಿಂತಿದ್ದಳು. ನಲ್ಲಿ ಕಿತ್ತುಬಂದ ದಿನವೂ ಹೀಗೇ. ಹೇಳಬೇಕಾದ ಮೊದಲನೇ ಮಾತೇ ಸಿಗುವುದಿಲ್ಲ. ಓಡಿಹೋಗೋಣ ಅನ್ನಿಸುತ್ತದೆ. ನಿಜವಾಗಿಯೂ ಜ್ವರ ಬರಲಿ ಅನ್ನಿಸುತ್ತದೆ.

ಅಪ್ಪನಿಗೆ ಭಯ. ಇಷ್ಟೆತ್ತರದ ಅಪ್ಪನಿಗೆ, ಮಿಸ್ ಅಂದರೆ ಭಯ! ಶನಿವಾರವಿಡೀ ಅವನ ಜೊತೆ ಊರೆಲ್ಲ ಸುತ್ತಿದರೂ ಅವಳಿಗೆ ಇದು ಹೊಳೆದೇ ಇರಲಿಲ್ಲ.

ಅವಳ ಬೆರಳು ತಾನಾಗಿಯೇ ಕೆಳಗಿಳಿಯಿತು. ಅವಳು ಒಂದು ಹೆಜ್ಜೆ ಹಿಂದೆ ಹೋಗಿ ಅಪ್ಪನ ಪಕ್ಕ ನಿಂತಳು.

“ಮೊದಲನೇ ಮಾತು ಮಾತ್ರ ಕಷ್ಟ, ಅಪ್ಪಾ,” ಎಂದು ಮೆಲ್ಲಗೆ ಹೇಳಿದಳು. “ಆಮೇಲೆ ಬೈತಾರೆ ಅಷ್ಟೇ. ಹೊಡಿಯಲ್ಲ.”

ಅಪ್ಪ ಅವಳನ್ನು ನೋಡಿದ. ಉಸಿರು ಎಳೆದುಕೊಂಡ.

“ಮಿಸ್,” ಎಂದ. ಅವನ ದನಿ ಅವನದೇ ಅಂತ ಅನ್ನಿಸಲಿಲ್ಲ. “ಇದು ಶುಕ್ರವಾರ ನಾನು ಮುರಿದದ್ದು. ಒಳಗೆ ನನ್ನ ಬಾಬಿನ್ ಇತ್ತು, ನೋಡದೆ ಮುಚ್ಚಿಬಿಟ್ಟೆ. ಇವಳು ಕೈ ತೊಳ್ಕೊಂಡೇ ಮುಟ್ತಾ ಇದ್ಲು, ಮಿಸ್. ಇವಳದ್ದೇನೂ ತಪ್ಪಿಲ್ಲ. ನಾಳೆ ಹೊಸ ಸ್ಕ್ರೀನ್ ಬರತ್ತೆ. ಮೂಲೆಯಿಂದ ಮೂಲೆಗೆ ಅಳತೆ ಕೊಟ್ಟಿದ್ದೀನಿ.”

ಮಿಸ್ ಕನ್ನಡಕ ತೆಗೆದರು. ಅವಳ ಕಡೆ ನೋಡಿದರು. ಅವರ ಮುಖವೂ ಸ್ವಲ್ಪ ಕೆಂಪಾಯಿತು.

“ಸಾರಿ ಕಣಮ್ಮಾ,” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. “ಅಲ್ರೀ, ಶುಕ್ರವಾರ ಮುರಿದದ್ದನ್ನ ಸೋಮವಾರ ಬಂದು ಹೇಳ್ತೀರಲ್ಲ? ಒಂದು ಫೋನ್ ಮಾಡೋಕೇನಾಗಿತ್ತು ನಿಮಗೆ? ಅದೂ ನಾನು ಇವಳಿಗೆ ಬೈದು ಮುಗಿಸೋವರೆಗೂ ಬಾಯಿ ಮುಚ್ಕೊಂಡು ನಿಂತಿದ್ರಲ್ಲ...”

ಅಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಬೆಲ್ ಹೊಡೆಯಿತು.

“ನೀನು ಕ್ಲಾಸಿಗೆ ಹೋಗಮ್ಮಾ,” ಎಂದರು ಮಿಸ್.

“ಇರಲಿ ಮಿಸ್,” ಎಂದಳು ಅವಳು. “ನೀವು ಬೈದು ಮುಗಿಸಿ. ಆಮೇಲೆ ಹೋಗ್ತೀನಿ.”

ಅಪ್ಪನ ಪಕ್ಕದಲ್ಲೇ, ಕೈ ಕಟ್ಟಿಕೊಂಡು, ಅವಳು ನಿಂತೇ ಇದ್ದಳು.