ಚಕ್ರಕ್ಕೆ ಕೂತ ಬೇರಿಂಗು

೧೯೫೮ರಲ್ಲಿ ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ನಾಲ್ಕು ಎಮ್ಮೆಗಳಿದ್ದವು. ಅವುಗಳಿಗೆ ಜೋಳದ ದಂಟು ಕತ್ತರಿಸುವ ಕೈಯಂತ್ರದ ಬೇರಿಂಗು ಒಡೆದು ಚಕ್ರ ನಿಂತುಹೋಯಿತು. ಕುಡುಗೋಲಲ್ಲಿ ಕೊಚ್ಚಿ ಕೊಚ್ಚಿ ನನ್ನ ಭುಜ ಬಿದ್ದುಹೋಯಿತು. ಒಡೆದ ಬೇರಿಂಗನ್ನು ಜೇಬಿನಲ್ಲಿಟ್ಟುಕೊಂಡು ವಾರವೆಲ್ಲ ಅಂಗಡಿ ಸುತ್ತಿದೆ. ಆ ಅಳತೆಯದು ಎಲ್ಲೂ ಇರಲಿಲ್ಲ. ಕೊನೆಗೆ ಹನುಮಂತನಗರದ ಗುಜರಿ ಅಂಗಡಿಯಲ್ಲಿ ಹೆಚ್ಚುಕಡಿಮೆ ಅಂಥದ್ದೇ ಒಂದು ಸಿಕ್ಕಿತು. ಬಿಸಿಲಲ್ಲಿ ಬಿದ್ದಿದ್ದರೂ ಮುಟ್ಟಿದರೆ ಬಾವಿನೀರಿನಂತೆ ತಣ್ಣಗಿತ್ತು.

ಚಕ್ರದ ಶಾಫ್ಟಿಗೆ ನಾನೇ ಹಾಕಿದೆ, ಸಲೀಸಾಗಿ ಕೂತಿತು.

ಮರುದಿನ ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಕೊಟ್ಟಿಗೆಯಲ್ಲಿ ಚಕ್ರ ತಿರುಗುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಚಕ್ರ ತಿರುಗುತ್ತಿದೆ, ಹತ್ತಿರ ಯಾರೂ ಇಲ್ಲ. ಎಮ್ಮೆಗಳು ಅದರ ಪಕ್ಕದ ಬರಿಜಾಗವನ್ನೇ ನೋಡುತ್ತಿದ್ದವು.

ನನ್ನ ಹೆಂಡತಿ ಪುಟ್ಟತಾಯಮ್ಮನೂ ಬಂದು ನೋಡಿದಳು.

"ಹೆಂಗೂ ತಿರುಗ್ತಾ ಐತೆ. ನಿಂತ್ಕೊಂಡು ನೋಡೋ ಬದ್ಲು ದಂಟು ಕೊಡಿ" ಅಂದಳು.

ಕೊಟ್ಟೆ. ನನಗಿಂತ ಸಣ್ಣಗೆ ಕತ್ತರಿಸಿತು.

ದಿನಾ ಅದೇ ಹೊತ್ತಿಗೆ ಹೀಗೇ ಆಗತೊಡಗಿತು. ವಾರ ಕಳೆದ ಮೇಲೆ ಭಯ ತಡೆಯಲಾರದೆ ಫಿಟ್ಟರ್ ಶಾಮಣ್ಣನವರನ್ನು ಕರೆಸಿದೆ. ಬೇರಿಂಗು ಬಿಚ್ಚಲು ಕೈ ಹಾಕಿದರೆ, ಅದು ತಾನಾಗಿ ಅವರ ಅಂಗೈಗೆ ಜಾರಿ ಬಂತು. ಮೂರು ಸಲ ಅಳೆದರು.

"ಗೌಡ್ರೆ, ಯಾರ್ರೀ ಇದನ್ನ ಹಾಕಿದ್ದು? ಇದರ ತೂತು ನಿಮ್ಮ ಶಾಫ್ಟಿಗಿಂತ ಚಿಕ್ಕದು. ಸುತ್ತಿಗೇಲಿ ಬಡಿದ್ರೂ ಹೋಗಲ್ಲ."

ಬಡಿದರು. ಹೋಗಲಿಲ್ಲ.

ಅವರು ಕೈ ತೊಳೆಯಲು ಬಚ್ಚಲಿಗೆ ಹೋದಾಗ ಪುಟ್ಟತಾಯಮ್ಮ ಅದನ್ನು ಎರಡು ಬೆರಳಲ್ಲಿ ಶಾಫ್ಟಿಗೆ ಏರಿಸಿ, ದಂಟಿನ ಕಟ್ಟು ತರಲು ಹೋದಳು.