ಸೀಟಿನ ಎತ್ತರ

ಹಳೆಯ ವಸ್ತು ಮಾರುವವರು ಇದ್ದದ್ದನ್ನು ಇದ್ದಂತೆ ಹೇಳಬೇಡವೇ? ನಂತೂರಿನ ಲಾರಿಗಳ ನಡುವೆ ಸೈಕಲ್ ತುಳಿಯುವುದು ಬೇಡವೆಂದು ಶಕ್ತಿನಗರದ ಯೋಗೀಶ್ ಎಂಬವರಿಂದ ರೋಲರ್ ಕೊಂಡೆ. ಅದರ ಮೂರು ಉರುಳೆಗಳ ಮೇಲೆ ಸೈಕಲ್ ಇಟ್ಟು ಮನೆಯೊಳಗೇ ತುಳಿಯಬಹುದು.

ಮರುದಿನ ಬೆಳಿಗ್ಗೆ ನನ್ನ ಸೈಕಲಿನ ಸೀಟು ನಾಲ್ಕು ಬೆರಳು ಮೇಲೇರಿತ್ತು. ಉರುಳೆ ಮುಟ್ಟಿದರೆ ಬಿಸಿ. ನೆಲದ ಮೇಲೆ ಬೆವರಿನ ಹನಿ. ಮನೆಯಲ್ಲಿರುವುದು ನಾನೊಬ್ಬನೇ! ಸೀಟು ಇಳಿಸಿ, ಬಿಗಿ ಮಾಡಿ, ಕಂಬಿಗೆ ಬಣ್ಣದಲ್ಲಿ ಗೀಟು ಹಾಕಿದೆ. ಆದರೂ ದಿನಾ ಏರುತ್ತಿತ್ತು, ದಿನಾ ಇಳಿಸುತ್ತಿದ್ದೆ. ನನ್ನ ಸೀಟು ಮುಟ್ಟಲು ಇವನ್ಯಾರು?

ಸಿಟ್ಟು ನೆತ್ತಿಗೇರಿ ಯೋಗೀಶರಿಗೆ ಫೋನ್ ಮಾಡಿದೆ. "ಎಂತ ಮಾರಾಯ್ರೆ, ಇದನ್ನು ಮೊದಲು ತುಳೀತಿದ್ದದ್ದು ಯಾರು?"

"ನಾನೇ."

"ನೀವು ನನಗಿಂತ ಗಿಡ್ಡ ಅಲ್ವಾ? ಮತ್ತೆ ಸೀಟು ಮೇಲೆ ಹೋಗುದು ಹೇಗೆ?"

"ಅದು ಏರಿಸಿದ್ರೆ ಹಾಗೇ ಬಿಡಿ, ಇಳಿಸ್ಬೇಡಿ. ನಾನು ಇಳಿಸ್ತಾ ಇದ್ದೆ. ಮೊದಲು ನಾನು ಇಷ್ಟು ಗಿಡ್ಡ ಇರ್ಲಿಲ್ಲ."

"ಅದನ್ನು ಮಾರುವಾಗ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ?" ಎಂದು ಬೈದು, ಅವತ್ತೇ ಸಂಜೆ ರೋಲರನ್ನು ಅವರ ಜಗಲಿಯಲ್ಲಿ ಎಸೆದು ಬಂದೆ.

ಇವತ್ತು ಬೆಳಿಗ್ಗೆ ಸೀಟು ಏರಿರಲಿಲ್ಲ. ಗೀಟಿನಲ್ಲೇ ಇತ್ತು. ಗೆದ್ದೆ ಎಂದು ಹತ್ತಿ ಕೂತೆ.

ಕಾಲು ಪೆಡಲಿಗೆ ಎಟುಕಲಿಲ್ಲ.